ಲಿಗ್ನಿನ್ ಬೆರೆಸಿದರೆ ಪ್ಲಾಸ್ಟಿಕ್ ಬೇಗ ಕೊಳೆಯುತ್ತದೆಯೇ?

ಪ್ರಶ್ನೆ: ಪಿಎಲ್‌ಎಯಂಥ ಸಸ್ಯಗಳ ಸಕ್ಕರೆಯಿಂದ ತಯಾರಿಸುವ ಜೈವಿಕ ಪ್ಲಾಸ್ಟಿಕ್ಕಿಗೆ ಮರದಿಂದ ತೆಗೆದ ಲಿಗ್ನಿನ್ ಬೆರೆಸಿದರೆ ಅದು ಇನ್ನೂ ಬೇಗ ಮಣ್ಣಾಗುತ್ತದೆ, ಅಲ್ಲವೇ?

ಅಲ್ಲ. ಜಯನಗರದ ತಾರಸಿ ತೋಟಗಾರರಿಂದ ಹಿಡಿದು ಪೀಣ್ಯದಲ್ಲಿ ಅಚ್ಚಿನ ಯಂತ್ರ ನಡೆಸುವವರವರೆಗೆ ಎಷ್ಟು ಮಂದಿಗೆ ಈ ಮಾತು ಹೇಳಿದ್ದೇನೆಂಬ ಲೆಕ್ಕ ತಪ್ಪಿಹೋಗಿದೆ. ಈ ಸಲ ಕಾರಣವನ್ನೂ ಬರೆದಿಡುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡಬಹುದು.

ಪ್ರಶ್ನೆಯ ಹಿಂದಿರುವುದು ‘ಮರದ್ದು, ಆದ್ದರಿಂದ ಕೊಳೆಯುತ್ತದೆ’ ಎಂಬ ನಂಬಿಕೆ. ಮರ ಕೊಳೆಯುತ್ತದೆ, ನಿಜ. ಆದರೆ ಅದರಲ್ಲಿ ಕೊಳೆಯಲು ಅತಿ ಹೆಚ್ಚು ಹಟ ಮಾಡುವ ಭಾಗವೇ ಲಿಗ್ನಿನ್. ಮರದ ಒಣ ತೂಕದಲ್ಲಿ ಶೇ 20ರಿಂದ 30ರಷ್ಟಿರುವ ಈ ವಸ್ತು, ಸೆಲ್ಯುಲೋಸ್ ಎಳೆಗಳ ನಡುವೆ ಗಾರೆಯಂತೆ ತುಂಬಿಕೊಂಡು ಕಾಂಡಕ್ಕೆ ಬಿಗುವು ಕೊಡುತ್ತದೆ, ನೀರು ಸೋರದಂತೆ ತಡೆಯುತ್ತದೆ, ಸೂಕ್ಷ್ಮಜೀವಿಗಳು ಒಳನುಗ್ಗದಂತೆ ಕಾಯುತ್ತದೆ. ಕಾವಲಿಗೆ ನಿಂತವನನ್ನೇ ಕಳ್ಳನಿಗೆ ದಾರಿ ತೋರಿಸು ಎಂದರೆ ಹೇಗೆ? ಸೆಲ್ಯುಲೋಸ್‌ನಲ್ಲಿ ಒಂದೇ ಬಗೆಯ ಕೊಂಡಿ ಮರುಕಳಿಸುವುದರಿಂದ ಅದಕ್ಕೆ ಹೊಂದುವ ಕಿಣ್ವವಿರುವ ಜೀವಿ ಸರಾಗವಾಗಿ ಕತ್ತರಿಸುತ್ತ ಹೋಗುತ್ತದೆ. ಲಿಗ್ನಿನ್‌ನಲ್ಲಾದರೋ ಬೆಂಜೀನ್ ಉಂಗುರಗಳು ಹತ್ತಾರು ಬಗೆಯ ಕೊಂಡಿಗಳಿಂದ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿವೆ. ಅದನ್ನು ಪೂರ್ತಿಯಾಗಿ ಒಡೆಯುವ ಶಕ್ತಿ ಮುಖ್ಯವಾಗಿ ಬಿಳಿ ಕೊಳೆ ಶಿಲೀಂಧ್ರಗಳಿಗೆ ಮಾತ್ರ ಒಲಿದಿದೆ.

ನಂಬಿಕೆ ಬರದಿದ್ದರೆ ನಿಮ್ಮದೇ ಗೊಬ್ಬರದ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ. ಬಾಳೆಹಣ್ಣಿನ ಸಿಪ್ಪೆ, ಕೊತ್ತಂಬರಿ ದಂಟು ಗುರುತು ಸಿಗದಂತೆ ಕರಗಿದ ಮೇಲೂ ತೆಂಗಿನ ನಾರು ಹಾಕಿದ ಹಾಗೆಯೇ ಮೇಲೆ ಬರುತ್ತದೆ. ಆ ನಾರಿನಲ್ಲಿ ಲಿಗ್ನಿನ್ ಪ್ರಮಾಣ ಶೇ 40ರ ಆಸುಪಾಸು.

ಇದಕ್ಕಿಂತ ದೊಡ್ಡ ತಪ್ಪೆಂದರೆ ಮೂಲವನ್ನು ನೋಡಿ ಅಂತ್ಯವನ್ನು ಊಹಿಸುವುದು. ಬ್ರೆಜಿಲ್‌ನಲ್ಲಿ ಕಬ್ಬಿನಿಂದ ಪಾಲಿಎಥಿಲೀನ್, ಅಂದರೆ ಮಾಮೂಲಿ ಚೀಲಗಳ ಪ್ಲಾಸ್ಟಿಕ್, ತಯಾರಿಸುತ್ತಾರೆ. ಮೂಲ ಕಬ್ಬಾದರೂ ಅದು ಕೊಳೆಯುವುದಿಲ್ಲ. ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು. ಆದರೂ ಗೊಬ್ಬರದ ರಾಶಿಯಲ್ಲಿ ಕೊಳೆಯುತ್ತದೆ. ಪಿಎಲ್‌ಎ ಕೂಡ ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿ ಕಾಯ್ದುಕೊಳ್ಳುವ ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ ಒಡೆಯುವಂತೆ ನಮ್ಮ ಬೆಂಗಳೂರಿನ ತಂಪು ಮಣ್ಣಿನಲ್ಲಿ ಒಡೆಯುವುದಿಲ್ಲ. ಕೆಲವು ಮಿಶ್ರಣಗಳಲ್ಲಿ ಲಿಗ್ನಿನ್ ಕಣಗಳ ಅಂಚಿನಿಂದ ನೀರು ಒಳಸೇರಿ ಪಿಎಲ್‌ಎ ಸ್ವಲ್ಪ ಬೇಗ ತುಂಡಾಗುವುದುಂಟು ಎಂದು ಒಪ್ಪುತ್ತೇನೆ. ಆಗಲೂ ತುಂಡಾದದ್ದು ಪಿಎಲ್‌ಎ, ಲಿಗ್ನಿನ್ ಅಲ್ಲ.

ಹಾಗಾದರೆ ಬೆರೆಸುವುದೇಕೆ? ಮೊದಲನೆಯದು ಬೆಲೆ. ಕಾಗದದ ಕಾರ್ಖಾನೆಗಳು ತಿರುಳು ಬೇಯಿಸಿದ ಮೇಲೆ ಉಳಿಯುವ ಕಪ್ಪು ದ್ರವದಲ್ಲಿ ಲಿಗ್ನಿನ್ ಹೇರಳವಾಗಿದ್ದು, ಅದರ ಬಹುಪಾಲು ಬಾಯ್ಲರ್‌ನಲ್ಲಿ ಉರಿದುಹೋಗುತ್ತದೆ. ಆದರೆ ಅಗ್ಗದ ವಸ್ತುವಿಗೂ ತೆರಬೇಕಾದ ಬೆಲೆಯಿದೆ. ಕುದಿಯುವ ನೀರಿಗೆ ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುವಂತೆ, ಲಿಗ್ನಿನ್ ಕೂಡ ಪ್ಲಾಸ್ಟಿಕ್ಕಿನ ಜೊತೆ ಬೆರೆಯುವ ಬದಲು ತನ್ನೊಳಗೇ ಅಂಟಿಕೊಂಡು ಗಂಟಾಗುತ್ತದೆ. ಎಳೆದಾಗ ಬಿರುಕು ಹುಟ್ಟುವುದು ಆ ಗಂಟಿನ ಬುಡದಲ್ಲೇ. ಹೀಗಾಗಿ ಬಿಗುವು ಉಳಿದುಕೊಂಡರೂ, ಕೆಲವೊಮ್ಮೆ ತುಸು ಏರಿದರೂ, ಮೊದಲೇ ಶೇ 5ರಷ್ಟು ಹಿಗ್ಗುವಷ್ಟರಲ್ಲಿ ಮುರಿಯುವ ಪಿಎಲ್‌ಎ ಇನ್ನಷ್ಟು ಪೆಡಸಾಗುತ್ತದೆ. ಲಿಗ್ನಿನ್‌ನ ಕಣಗಳನ್ನು ಒಂದಕ್ಕೊಂದು ಅಂಟಿಸುವ ಹೈಡ್ರಾಕ್ಸಿಲ್ ಗುಂಪುಗಳಿಗೆ ಅಸಿಟೈಲ್ ಎಂಬ ಇನ್ನೊಂದು ರಾಸಾಯನಿಕ ಗುಂಪು ತೊಡಿಸುವುದು, ಅವುಗಳ ಮೇಲೆಯೇ ಪಿಎಲ್‌ಎ ಅಣುಗಳ ಸರಪಳಿ ಬೆಳೆಸುವುದು ಇದಕ್ಕೆ ಪರಿಹಾರ. ಬೆರೆಸುವ ಮೊದಲು ಚೆನ್ನಾಗಿ ಒಣಗಿಸುವುದು ಅನಿವಾರ್ಯ, ಏಕೆಂದರೆ ಕರಗಿದ ಪಿಎಲ್‌ಎಯನ್ನು ತೇವಾಂಶ ಕತ್ತರಿಸಿಬಿಡುತ್ತದೆ. ಗಂಧಕದ ಸಂಯುಕ್ತ ಹಾಕಿ ತಿರುಳು ಬೇಯಿಸುವ ಕ್ರಾಫ್ಟ್ ವಿಧಾನದಲ್ಲಿ ಸಿಗುವ, ಗಂಧಕದ ವಾಸನೆಯ ಕ್ರಾಫ್ಟ್ ಲಿಗ್ನಿನ್ ಬಳಸಿದರೆ ಆ ವಾಸನೆ ಅದರಿಂದ ಮಾಡಿದ ಚೀಲಕ್ಕೂ ಅಂಟಿಕೊಳ್ಳುತ್ತದೆ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ: ಬಿಸಿಲಿಗಿಟ್ಟ ದಿನಪತ್ರಿಕೆ ಹಳದಿಯಾಗುವುದೇಕೆ? ಕೇಳಬೇಕಿತ್ತು, ಏಕೆಂದರೆ ಈ ಮಿಶ್ರಣದ ನಿಜವಾದ ಲಾಭ ಅಲ್ಲಿದೆ. ಯಂತ್ರದಲ್ಲಿ ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಅದು ಅತಿನೇರಳೆ ಕಿರಣಗಳನ್ನು ಹೀರಿ ಬಣ್ಣಗೆಡುತ್ತದೆ. ಕಾಗದಕ್ಕೆ ಕೇಡಾದ ಈ ಹೀರುವ ಗುಣವೇ ಪ್ಲಾಸ್ಟಿಕ್ಕಿಗೆ ಕೊಡೆಯಾಗುತ್ತದೆ. ಅದರ ಫೀನಾಲ್ ಗುಂಪುಗಳು ಸರಪಳಿ ತುಂಡರಿಸುವ ಮುಕ್ತ ರ‍್ಯಾಡಿಕಲ್‌ಗಳನ್ನೂ ಹಿಡಿದು ನಿಲ್ಲಿಸುತ್ತವೆ. ಬಿಸಿಲಿಗೆ ಬೇಗ ಸೋಲುವ ಪಿಬಿಎಟಿಗೆ ಇದು ದೊಡ್ಡ ನೆರವು. ಇದರಿಂದ ಬಿಳಿ ಚೀಲ ಮಾಡಲಾಗದು, ಕಂದು ಬಣ್ಣ ಹೋಗುವುದಿಲ್ಲ. ಆದರೆ ಕೋಲಾರದ ಟೊಮೆಟೊ ಸಾಲುಗಳಿಗೆ ಹೊದಿಸುವ ಮಲ್ಚಿಂಗ್ ಶೀಟಿಗೆ ಬಿಳುಪು ಯಾರಿಗೆ ಬೇಕು? ಅದು ಕಳೆಗೆ ಬೆಳಕು ಸಿಗದಂತೆ ಮಾಡಿ, ಕೊಯ್ಲು ಮುಗಿಯುವವರೆಗೆ ಬಿಸಿಲಿನಲ್ಲಿ ಹರಿಯದೆ ಉಳಿಯಬೇಕು. ಬೇಗ ಕೊಳೆಯದಿರುವುದು ಅಲ್ಲಿ ದೋಷವಲ್ಲ, ರೈತ ಕೇಳುವುದೇ ಅದನ್ನು.