ಆಶ್ರಯಕ್ಕೆ ಬಂದೋನು ಬಾಗಿಲಲ್ಲಿ ನಿಂತು ತನ್ನ ಮಾತು ಹೇಳ್ಬೇಕು

ನಾನೊಬ್ಬ ಸಭಾಪಾಲಕ, ಅಂದ್ರೆ ಪಾಸ್ಟರ್. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋ ವಿಶ್ವಾಸಿಗಳಲ್ಲಿ ತುಂಬಾ ಜನ ಕುಡಿತ ಅಂತಲೋ ಸಾಲ ಅಂತಲೋ ಬರಲ್ಲ, ಇನ್ನೊಬ್ಬ ವಿಶ್ವಾಸಿ ಜೊತೆ ಆಗಿರೋ ಜಗಳ ತಗೊಂಡು ಬರ್ತಾರೆ. ಫೋನಲ್ಲಿ ಸ್ಕ್ರೀನ್‌ಶಾಟ್ ಇರುತ್ತೆ, ಯಾವತ್ತು ಯಾರು ಏನಂದ್ರು ಅಂತ ಬರೆದಿಟ್ಕೊಂಡಿರ್ತಾರೆ, ಎದುರಿನವರಿಗೆ ತಾಕೋ ಹಾಗೆ ಸತ್ಯವೇದದ ಒಂದೆರಡು ವಾಕ್ಯನೂ ಹುಡುಕಿಟ್ಟಿರ್ತಾರೆ. ಎಲ್ಲಾ ಕೇಳಿಸ್ಕೊಂಡ ಮೇಲೆ ನಾನು ಕೇಳೋದು ಒಂದೇ, ಇದರಲ್ಲಿ ನಿಮ್ಮ ಪಾಲು ಏನು? ಅಲ್ಲಿಗೆ ಮಾತು ನಿಂತುಹೋಗುತ್ತೆ. ಪಾಪ ಅನ್ನೋ ವಿಷಯ ಅಷ್ಟೊತ್ತೂ ರೂಮಲ್ಲಿ ಇತ್ತು, ಆದ್ರೆ ಇನ್ನೊಬ್ಬರ ಹೆಸರಲ್ಲಿ ಇತ್ತು.

ಸಭೆ (ಚರ್ಚು) ಅಂದ್ರೆ ಜಗಳ ಇರಬಾರದು, ಇದ್ರೆ ಅದು ಸಭೆನೇ ಅಲ್ಲ ಅಂತ ನೊಂದ್ಕೊಳ್ಳೋರು ಇದಾರಲ್ಲ, ಅವರು ಹೊಸ ಒಡಂಬಡಿಕೆನ ಸ್ವಲ್ಪ ನಿಧಾನವಾಗಿ ಓದ್ಬೇಕು. ಕೊರಿಂಥ ಅನ್ನೋ ಊರಿನ ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು ಅಂತ ಬೋಧಕರ ಹೆಸರಲ್ಲಿ ಗುಂಪು ಕಟ್ಕೊಂಡಿದ್ರು, ಖ್ಲೋಯೆ ಅನ್ನೋ ಹೆಂಗಸಿನ ಮನೆಯವರು ಆ ಸುದ್ದಿನ ಅಪೊಸ್ತಲ ಪೌಲನಿಗೆ ಮುಟ್ಟಿಸಿದ್ರು. ಅದೇ ಸಭೆಯವರು ಒಬ್ಬರ ಮೇಲೊಬ್ಬರು ಕೋರ್ಟಿಗೂ ಹೋಗಿದ್ರು, ಕರ್ತನ ಭೋಜನಕ್ಕೆ ಕೂತಾಗ ಒಬ್ಬ ಹಸಿದಿರ್ತಿದ್ದ, ಇನ್ನೊಬ್ಬ ಕುಡಿದು ಮತ್ತೇರಿರ್ತಿದ್ದ. ಫಿಲಿಪ್ಪಿಯಲ್ಲಿ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರು, ಸುವಾರ್ತೆಗೋಸ್ಕರ ಪೌಲನ ಜೊತೆ ಸೇರಿ ಶ್ರಮಪಟ್ಟವರೇ, ಅವರಿಬ್ಬರಿಗೆ ಮನಸ್ಸು ಕೂಡ್ತಿರಲಿಲ್ಲ, ಇಡೀ ಸಭೆ ಮುಂದೆ ಓದೋ ಕಾಗದದಲ್ಲಿ ಪೌಲ ಅವರ ಹೆಸರು ಹಿಡಿದು ಬರೆದ. ಯಾಕೆ ಜಗಳ ಆಯ್ತು ಅಂತ ಒಂದು ಸಾಲೂ ಇಲ್ಲ, ಯಾರದ್ದು ತಪ್ಪು ಅಂತಲೂ ಇಲ್ಲ. ಇಬ್ಬರಿಗೂ ಬೇಡ್ಕೋತೀನಿ ಅಂತಾನೆ, ಸಭೆಯಲ್ಲೇ ಇದ್ದ ಒಬ್ಬ ಜೊತೆಗಾರನಿಗೆ ಇವರಿಗೆ ಸಹಾಯ ಮಾಡು ಅಂತಾನೆ, ಇಬ್ಬರ ಹೆಸರೂ ಜೀವಬಾಧ್ಯರ ಪುಸ್ತಕದಲ್ಲಿ ಇದೆ ಅಂತಾನೆ. ನನ್ನ ಕೆಲಸ ನನಗೆ ಅರ್ಥ ಆಗಿದ್ದು ಆ ಎರಡು ವಚನದಿಂದ.

ಒಂದು ಕೇಸು ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಸಭೆಯ ಹಿರಿಯರೊಬ್ಬರು ಸಭೆಯವರನ್ನೇ ಸೇರಿಸ್ಕೊಂಡು ಚೀಟಿ ನಡೆಸ್ತಿದ್ರು, ಎಲ್ಲ ಕಡೆ ನಡೆಯೋ ಹಾಗೆ ನಂಬಿಕೆ ಮೇಲೆ. ಒಬ್ಬ ವಿಧವೆಗೆ ಬರಬೇಕಿದ್ದ ಚೀಟಿ ದುಡ್ಡನ್ನ ಮಗಳ ಮದುವೆಗೆ ಬಳಸ್ಕೊಂಡ್ರು, ಮುಂದಿನ ತಿಂಗಳು ಕೊಡ್ತೀನಿ ಅಂದ್ರು, ಆ ಮುಂದಿನ ತಿಂಗಳು ಬರಲೇ ಇಲ್ಲ. ಆ ತಾಯಿಯ ತಮ್ಮನೂ ಅದೇ ಸಭೆಯವನು, ಅವನು ಹೋಗಿ ಹಿರಿಯರನ್ನ ನೇರವಾಗಿ ಕೇಳಲಿಲ್ಲ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಎದ್ದು ನಿಂತು, ಕರ್ತನೇ, ವಿಧವೆಯರ ಮನೆ ನುಂಗೋರನ್ನ ಈ ಸಭೆಯಲ್ಲಿ ಬೆಳಕಿಗೆ ತಾ ಅಂತ ಗಟ್ಟಿಯಾಗಿ ಪ್ರಾರ್ಥನೆ ಮಾಡಿದ. ಎಲ್ಲರೂ ಆಮೆನ್ ಅಂದ್ರು, ಯಾರಿಗೆ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಮುಂದಿನ ವಾರ ಹಿರಿಯರು ಎದ್ದು, ಸಹೋದರರ ಮೇಲೆ ದೂರು ಹೊರಿಸೋ ಸೈತಾನನ್ನ ಗದರಿಸಿ ಪ್ರಾರ್ಥನೆ ಮಾಡಿದ್ರು. ಹೀಗೆ ಎರಡು ತಿಂಗಳು ದೇವರಿಗೆ ಹೇಳೋ ನೆಪದಲ್ಲಿ ಒಬ್ಬರಿಗೊಬ್ಬರು ಉತ್ತರ ಕೊಟ್ಕೊಂಡ್ರು, ಆ ತಾಯಿ ಪ್ರಾರ್ಥನೆಗೆ ಬರೋದನ್ನೇ ಬಿಟ್ಟುಬಿಟ್ರು. ನನ್ನ ಪ್ರಕಾರ ಅಲ್ಲಿ ನಡೆದಿದ್ದರಲ್ಲಿ ದುಡ್ಡಿಗಿಂತ ಭಯಂಕರ ಇದು, ಪ್ರಾರ್ಥನೆನ ಕಲ್ಲು ಮಾಡ್ಕೊಂಡು ಎಸೆದಿದ್ದು, ಯಾಕಂದ್ರೆ ಪಾಪ ಮಾಡಿದೋನು ಓಡಿ ಬಂದು ನಿಲ್ಲೋಕೆ ಇರೋ ಜಾಗ ಅದೊಂದೇ, ಅದನ್ನೂ ಇವರು ಜಗಳಕ್ಕೆ ಬಳಸ್ಬಿಟ್ರೆ ಇಬ್ಬರೂ ಎಲ್ಲಿಗೆ ಹೋಗ್ತಾರೆ?

ಇಬ್ಬರನ್ನೂ ಬೇರೆ ಬೇರೆ ದಿನ ಕರೆಸಿದೆ. ಇಬ್ಬರ ಹತ್ರನೂ ಓದಿಸಿದ್ದು 32ನೇ ಕೀರ್ತನೆ. ದಾವೀದ ಅಲ್ಲಿ ಹೇಳೋದರ ಕ್ರಮ ನೋಡಿ. 3ನೇ ವಚನದಲ್ಲಿ ಬಾಯಿ ಮುಚ್ಕೊಂಡಿದ್ದಾಗ ಮೂಳೆ ಸವೆದುಹೋಯ್ತು ಅಂತಾನೆ, 4ರಲ್ಲಿ ಬೇಸಿಗೆಯ ಬಿಸಿಲಿಗೆ ಸಿಕ್ಕಿದ ಹಾಗೆ ಒಣಗಿದೆ ಅಂತಾನೆ, 5ರಲ್ಲಿ ನನ್ನ ಪಾಪನ ಅರಿಕೆ ಮಾಡ್ದೆ, ಮುಚ್ಚಿಡಲಿಲ್ಲ, ನೀನು ಕ್ಷಮಿಸಿದೆ ಅಂತಾನೆ, 7ರಲ್ಲಿ ನೀನೇ ನನಗೆ ಮರೆ ಅಂತಾನೆ. ನಮ್ಮಲ್ಲಿ ಹೆಚ್ಚಿನವರು 7ನೇ ವಚನನ ಫ್ರೇಮ್ ಹಾಕಿಸಿ ಮನೆಯ ಹಾಲ್‌ನಲ್ಲಿ ತೂಗುಹಾಕ್ತಾರೆ, 5ನ್ನ ಬಿಟ್ಟು. ಮುಚ್ಚಿಡೋದನ್ನ ನಿಲ್ಲಿಸಿದೋನಿಗೇ ದೇವರು ಮರೆ ಆಗ್ತಾನೆ.

ಇಸ್ರಾಯೇಲ್ಯರಿಗೆ ಕೊಟ್ಟ ಆಶ್ರಯದ ಊರುಗಳ ಏರ್ಪಾಡು ಈ ಮಾತನ್ನ ಇನ್ನೂ ಬಿಡಿಸಿ ತೋರಿಸುತ್ತೆ. ಆರು ಊರು, ಯೊರ್ದನ್ ನದಿಯ ಈಚೆ ಕೆದೆಷ್, ಶೆಕೆಮ್, ಹೆಬ್ರೋನ್, ಆಚೆ ಬೆಚೆರ್, ರಾಮೋತ್, ಗೋಲಾನ್, ಎಲ್ಲಾ ದೇವರ ಸೇವೆಗೆ ಮೀಸಲಾದ ಲೇವಿ ಕುಲದವರ 48 ಊರುಗಳಲ್ಲಿ ಸೇರಿದ್ದವು. ಗೊತ್ತಿಲ್ಲದೆ ಒಬ್ಬನನ್ನ ಕೊಂದೋನು, ಸತ್ತವನ ಕಡೆಯವರು ಬೆನ್ನಟ್ಟಿ ಬರೋಕೆ ಮುಂಚೆ ಅಲ್ಲಿಗೆ ಓಡಬಹುದಿತ್ತು, ಅದಕ್ಕೆ ದಾರಿನೂ ಸಿದ್ಧವಾಗಿಡ್ಬೇಕು ಅಂತ ಧರ್ಮೋಪದೇಶಕಾಂಡ 19ರಲ್ಲಿ ಹೇಳಿದೆ. ಪರದೇಶಿಗೂ ಆ ಬಾಗಿಲು ತೆರೆದಿತ್ತು. ಆದ್ರೆ ಓಡಿ ಬಂದೋನು ಸೀದಾ ಒಳಗೆ ನುಗ್ಗಿ ಬಾಗಿಲು ಹಾಕ್ಕೊಳ್ಳೋ ಹಾಗಿರಲಿಲ್ಲ. ಯೆಹೋಶುವ 20ರ ಪ್ರಕಾರ ಊರಬಾಗಿಲಲ್ಲಿ ನಿಂತು ಅಲ್ಲಿನ ಹಿರಿಯರು ಕೇಳೋ ಹಾಗೆ ತನ್ನ ವಿಷಯ ತಾನೇ ಹೇಳ್ಬೇಕು, ಆಮೇಲೆ ಅವರು ಒಳಗೆ ಕರ್ಕೊಂಡು ಇರೋಕೆ ಜಾಗ ಕೊಡ್ಬೇಕು. ಅಷ್ಟಕ್ಕೇ ಮುಗೀತಿರಲಿಲ್ಲ, ಜನರ ಸಭೆಯ ಮುಂದೆ ವಿಚಾರಣೆ ಇತ್ತು, ನಿರಪರಾಧಿ ಅಂತ ತೀರ್ಪಾದ್ರೂ ಮಹಾಯಾಜಕ ಸಾಯೋ ತನಕ ಆ ಊರಿನ ಎಲ್ಲೆ ದಾಟೋ ಹಾಗಿರಲಿಲ್ಲ, ದುಡ್ಡು ಕೊಟ್ಟು ಬೇಗ ಮನೆಗೆ ಹೋಗ್ತೀನಿ ಅಂದ್ರೂ ಬಿಡ್ತಿರಲಿಲ್ಲ. ಮಹಾಯಾಜಕ ಸತ್ತ ದಿನ ಅವನು ತನ್ನ ಊರಿಗೆ ವಾಪಸ್ ಹೋಗಬಹುದಿತ್ತು. ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಆಶ್ರಯಕ್ಕೆ ಓಡಿ ಬಂದವರಾದ ನಾವು ಅನ್ನೋ ಮಾತು ಬರುತ್ತೆ, ಅದರ ಬೆನ್ನಿಗೇ ಯೇಸು ನಮ್ಮ ಮಹಾಯಾಜಕ ಅಂತ ಬರುತ್ತೆ. ನಮ್ಮ ಮಹಾಯಾಜಕ ಸತ್ತಾಗಿದೆ, ಜೀವಂತವಾಗಿಯೂ ಇದ್ದಾನೆ, ಹಾಗಾಗಿ ಮನೆಗೆ ಹೋಗೋ ದಾರಿ ಇವತ್ತೇ ತೆರೆದಿದೆ ಅಂತ ನಾನು ಪೂರ್ತಿ ಮನಸ್ಸಿಂದ ನಂಬ್ತೀನಿ, ಬಂದವರಿಗೂ ಅದನ್ನೇ ಹೇಳ್ತೀನಿ. ಬಾಗಿಲಲ್ಲಿ ನಿಂತು ತನ್ನ ಮಾತು ಹೇಳೋದು ಮಾತ್ರ ಹಾಗೇ ಉಳಿದಿದೆ.

ಹಿರಿಯರು ಮೊದಲ ಸಲ ಬಂದಾಗ ನಾನು ದೇವರ ಹತ್ರ ಕ್ಷಮೆ ಕೇಳ್ಕೊಂಡಾಯ್ತು ಪಾಸ್ಟರೇ ಅಂದ್ರು. ಇದನ್ನ ಹೇಳೋರು ಬಹಳ ಜನ. ಅವರಿಗೆ ಯಾಜಕಕಾಂಡ 6 ಓದಿ ಅಂದೆ, ಅಲ್ಲಿ ನೆರೆಯವನ ಸೊತ್ತಲ್ಲಿ ಮೋಸ ಮಾಡಿದೋನು ಪೂರ್ತಿ ವಾಪಸ್ ಕೊಟ್ಟು ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡ್ಬೇಕು, ಪ್ರಾಯಶ್ಚಿತ್ತ ಯಜ್ಞದ ಟಗರು ತರೋ ದಿನನೇ ಕೊಡ್ಬೇಕು. ಎರಡೂ ಒಂದೇ ದಿನ. ಯಜ್ಞ ಇವತ್ತು, ದುಡ್ಡು ಆಮೇಲೆ ಅನ್ನೋ ಹಾಗಿಲ್ಲ. ಯೇಸುನ ಮನೆಗೆ ಕರ್ಕೊಂಡ ಸುಂಕದ ಜಕ್ಕಾಯ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ, ಯಾರೂ ಅವನನ್ನ ಕೇಳಿರಲಿಲ್ಲ. ತಮ್ಮನ ವಿಷಯ ಇನ್ನೂ ಕಷ್ಟ ಇತ್ತು, ಯಾಕಂದ್ರೆ ಅವನ ಕಡೆ ನ್ಯಾಯ ಇತ್ತು, ನ್ಯಾಯ ಇರೋರಿಗೆ ತಮ್ಮ ಪಾಪ ಕಾಣೋದು ಬಹಳ ತಡ. ಅಕ್ಕನಿಗೋಸ್ಕರ ಮಾಡ್ದೆ ಅಂದ. ಹಾಗಾದ್ರೆ ಅಕ್ಕ ಈಗ ಪ್ರಾರ್ಥನೆಗೆ ಯಾಕೆ ಬರ್ತಿಲ್ಲ ಅಂದೆ. ಅವನು ತಲೆ ಬಗ್ಗಿಸಿ ತುಂಬಾ ಹೊತ್ತು ಕೂತಿದ್ದ, ಆಮೇಲೆ ಅವರ ಹೆಸರು ಕೆಡಿಸ್ಬೇಕು ಅಂತನೇ ಮಾಡಿದ್ದು ಅಂತ ಹೇಳ್ದ. ನಾನು ಆ ದಿನ ಅಷ್ಟಕ್ಕೇ ಪ್ರಾರ್ಥನೆ ಮಾಡಿ ಕಳಿಸಿದೆ, ಅದಕ್ಕಿಂತ ಹೆಚ್ಚು ಒಂದು ದಿನಕ್ಕೆ ಬೇಕಾಗಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು, ಯಾಕಂದ್ರೆ ಇದೇ ಬೋಧನೆನ ತಿರುಚಿ ನೊಂದವರ ಬಾಯಿ ಮುಚ್ಚಿಸೋದನ್ನ ನಾನು ಕಂಡಿದೀನಿ. ನಿಮ್ಮ ಪಾಲೇನು ಅನ್ನೋ ಪ್ರಶ್ನೆ ಗಂಡನ ಕೈಲಿ ಹೊಡೆತ ತಿನ್ನೋ ಹೆಂಡತಿಗೆ ಕೇಳೋದಲ್ಲ, ಮಗುವಿಗೆ ಅಂತೂ ಖಂಡಿತ ಅಲ್ಲ. ಆಶ್ರಯದ ಊರು ಬೇಕಂತಲೇ ಕೊಂದೋನಿಗೆ ಇರಲಿಲ್ಲ, ಅಂಥವನನ್ನ ನನ್ನ ಯಜ್ಞವೇದಿಯ ಹತ್ರ ಇದ್ರೂ ಎಳ್ಕೊಂಡು ಹೋಗಿ ಅಂತ ವಿಮೋಚನಕಾಂಡ 21:14ರಲ್ಲಿ ದೇವರೇ ಹೇಳ್ತಾನೆ. ದಾವೀದನ ಸೇನಾಪತಿ ಯೋವಾಬ, ಸೌಲನ ಸೇನಾಪತಿಯಾಗಿದ್ದ ಅಬ್ನೇರನನ್ನ ಕೊಂದಿದ್ದು ಹೆಬ್ರೋನಿನ ಬಾಗಿಲಲ್ಲಿ, ಆಶ್ರಯದ ಊರಿನ ಬಾಗಿಲಲ್ಲೇ, ಗುಟ್ಟಾಗಿ ಮಾತಾಡ್ಬೇಕು ಅಂತ ಕರೆದು. ವರ್ಷಗಳಾದ ಮೇಲೆ ಅದೇ ಯೋವಾಬ ಯಜ್ಞವೇದಿಯ ಕೊಂಬು ಹಿಡ್ಕೊಂಡು ನಿಂತಾಗ ರಾಜ ಸೊಲೊಮೋನ ಅವನನ್ನ ಬಿಡಲಿಲ್ಲ. ಹಾಗಾಗಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಮತ್ತಾಯ 18 ತೆಗೆದು ಮೊದಲು ಒಬ್ಬನೇ ಹೋಗಿ ಮಾತಾಡು ಅಂತ ಕೂರೋದಲ್ಲ, 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆದ್ರೂ ಪೊಲೀಸರಿಗೆ ತಿಳಿಸ್ಬೇಕು, ಸಭಾಪಾಲಕರೂ ಸೇರಿ. ಸಭೆ ಮರ್ಯಾದೆ ಅಂತ ಮುಚ್ಚಿಟ್ರೆ ಅದು ಕಾನೂನಿಗೂ ವಿರೋಧ, ದೇವರ ಮಾತಿಗೂ ವಿರೋಧ. ಕೋರ್ಟಿಗೆ ಹೋಗ್ಬೇಡಿ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದು ದಿನನಿತ್ಯದ ವ್ಯವಹಾರದ ತಕರಾರುಗಳ ಬಗ್ಗೆ, ಸ್ವತಃ ಅವನೇ ರೋಮಿನ ಚಕ್ರವರ್ತಿ ಕೈಸರನ ಹತ್ರ ಹೇಳ್ಕೋತೀನಿ ಅಂತ ಕಾನೂನಿನ ಹಕ್ಕು ಬಳಸಿದೋನು.

ಚೀಟಿ ಕೇಸಿಗೆ ವಾಪಸ್ ಬರ್ತೀನಿ. ಹಿರಿಯರು ದುಡ್ಡು ಹೊಂದಿಸಿ ಕೊಟ್ರು, ಐದನೇ ಒಂದು ಪಾಲು ಸೇರಿಸೇ ಕೊಟ್ರು, ಸಭೆಯ ಲೆಕ್ಕದ ಜವಾಬ್ದಾರಿ ತಾವೇ ಬಿಟ್ರು. ಆದ್ರೆ ಆರಾಧನೆಯಲ್ಲಿ ಇಬ್ಬರ ನಡುವೆ ಇನ್ನೂ ಏನೋ ಉಳಿದಿತ್ತು, ಅದು ನನಗೆ ಗೊತ್ತಾಗಿದ್ದು ಸಮಾಧಾನ ಹಂಚೋ ಹೊತ್ತಲ್ಲಿ. ನಾವು ಸಿಎಸ್‌ಐನವರು (ಚರ್ಚ್ ಆಫ್ ಸೌತ್ ಇಂಡಿಯಾ), 1947ರ ಸೆಪ್ಟೆಂಬರ್ 27ರಂದು ಮದ್ರಾಸಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಂಪ್ರದಾಯದವರು ಒಂದಾಗಿ ಆದ ಸಭೆ, ನಮ್ಮ ಕರ್ತನ ಭೋಜನದ ಆರಾಧನೆಯಲ್ಲಿ ಗುರುಗಳಿಂದ ಶುರುವಾಗಿ ಕೈಯಿಂದ ಕೈಗೆ ಸಮಾಧಾನ ಕೊಡ್ತಾ ಹೋಗೋ ಪದ್ಧತಿ ಇದೆ. ತಮ್ಮ ಆ ಹೊತ್ತಿಗೆ ಸರಿಯಾಗಿ ಎದ್ದು ಫ್ಯಾನ್ ಸ್ವಿಚ್ಚಿನ ಕಡೆ ಹೋಗ್ತಿದ್ದ, ಎರಡು ತಿಂಗಳು ಪ್ರತಿ ಸಲ. ನಾನು ಬಲವಂತ ಮಾಡಲಿಲ್ಲ. ಕಾಣಿಕೆನ ವೇದಿ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದ್ದು ಹಿಂದೆಯಿಂದ ತಳ್ಳೋಕೆ ಅಲ್ಲ, ಆರಾಧನೆ ಮಧ್ಯದಲ್ಲಿ ನೆನಪಾದೋನು ತಾನೇ ಎದ್ದು ಹೋಗೋಕೆ. ಒಂದು ಭಾನುವಾರ ಅವನು ಎದ್ದ, ಸ್ವಿಚ್ಚಿನ ಕಡೆ ಹೋಗಲಿಲ್ಲ, ಬೆಂಚು ದಾಟಿ ಹಿರಿಯರ ಹತ್ರ ಹೋಗಿ, ಅಣ್ಣ ನಿಮ್ಮ ಮೇಲೆ ಪ್ರಾರ್ಥನೆ ಮಾಡಿದ್ದೆ, ನಿಮಗೋಸ್ಕರ ಮಾಡಿರಲಿಲ್ಲ ಅಂದ. ಪಕ್ಕದಲ್ಲಿದ್ದವರು ಆಮೇಲೆ ನನಗೆ ಹೇಳಿದ್ದು.

ಎಲ್ಲಾ ಕೇಸು ಹೀಗೆ ಆಗಲ್ಲ. ಮಧ್ಯಸ್ಥಿಕೆ ಮಾಡೋ ಸಭಾಪಾಲಕರಿಗೆ ಎರಡು ಮಾತು. ಮೊದಲು ವಾಟ್ಸಾಪ್ ಗ್ರೂಪಲ್ಲಿ ಆ ವಿಷಯ ನಿಲ್ಲಿಸಿ, ಮತ್ತಾಯ 18ರಲ್ಲಿ ಒಬ್ಬನೇ, ಆಮೇಲೆ ಒಬ್ಬಿಬ್ಬರು, ಆಮೇಲೆ ಸಭೆ ಅಂತ ಇರೋದನ್ನ ನಮ್ಮ ಜನ ತಲೆಕೆಳಗೆ ಮಾಡಿ ಮೊದಲು ಇನ್ನೂರು ಜನಕ್ಕೆ ಹೇಳಿ ಕೊನೆಗೆ ಒಬ್ಬನ ಹತ್ರ ಹೋಗ್ತಾರೆ. ಇನ್ನೊಂದು, ಗುಂಪಿನ ಜಗಳ ಆದ್ರೆ, ಭಾಷೆ, ಜಾತಿ, ಊರು ಅಂತ ಬಂದ್ರೆ (ಬೆಂಗಳೂರಲ್ಲಿ ಚರ್ಚಿನ ಪೂಜೆಯ ಭಾಷೆ ಬಗ್ಗೆ ಕನ್ನಡ ತಮಿಳು ತಕರಾರು ಎಷ್ಟು ದಶಕ ಎಳೀತು ನೋಡಿ), ಬರೀ ಉಪದೇಶ ಸಾಲಲ್ಲ. ಯೆರೂಸಲೇಮಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಆಗ್ತಿದೆ ಅಂತ ಗೊಣಗಾಟ ಎದ್ದಾಗ ಅಪೊಸ್ತಲರು ಏಳು ಜನರನ್ನ ಆರಿಸಿ ಅಂದ್ರು, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಏಳೂ ಗ್ರೀಕ್ ಹೆಸರು. ದೂರು ಹೇಳಿದವರ ಕಡೆಯವರ ಕೈಗೇ ಹಂಚಿಕೆ ಹೋಯ್ತು. ಎಷ್ಟು ಸಭೆಗೆ ಅಷ್ಟು ಧೈರ್ಯ ಇದೆ?

ಪೌಲನಿಗೂ ಅವನ ಜೊತೆ ಸೇವೆ ಮಾಡ್ತಿದ್ದ ಬಾರ್ನಬನಿಗೂ, ಹಿಂದೆ ಅರ್ಧದಲ್ಲೇ ಬಿಟ್ಟುಹೋಗಿದ್ದ ಮಾರ್ಕನನ್ನ ಮತ್ತೆ ಕರ್ಕೊಂಡು ಹೋಗೋ ವಿಷಯದಲ್ಲಿ ತೀಕ್ಷ್ಣ ವಾಗ್ವಾದ ಆಗಿ ಇಬ್ಬರೂ ಬೇರೆ ಆದ್ರು, ಬಾರ್ನಬ ಮಾರ್ಕನನ್ನ ಕರ್ಕೊಂಡು ಕುಪ್ರ ದ್ವೀಪಕ್ಕೆ ಹೋದ, ಪೌಲ ಸೀಲನ ಜೊತೆ ಸಿರಿಯ ಕಿಲಿಕ್ಯದ ಕಡೆ ಹೋದ. ಆ ಇಬ್ಬರು ಕೂತು ರಾಜಿ ಮಾಡ್ಕೊಂಡ್ರು ಅಂತ ಎಲ್ಲೂ ಬರೆದಿಲ್ಲ. ಆದ್ರೆ ತಿಮೊಥೆಯನಿಗೆ ಬರೆದ ಎರಡನೇ ಕಾಗದದಲ್ಲಿ ಮಾರ್ಕನನ್ನ ಕರ್ಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯೋಗ ಆಗ್ತಾನೆ ಅಂತ ಪೌಲ ಹೇಳ್ತಾನೆ. ಮಧ್ಯದಲ್ಲಿ ಎಷ್ಟೋ ವರ್ಷ ಹೋಗಿತ್ತು. ಅದಕ್ಕೇ ರಾಜಿ ಆಗದೆ ನಮ್ಮ ಸಭೆ ಬಿಟ್ಟು ಇನ್ನೊಂದು ಸಭೆಗೆ ಹೋಗ್ತೀನಿ ಅನ್ನೋರನ್ನ ನಾನು ಶಪಿಸಿ ಕಳಿಸಲ್ಲ, ಪತ್ರ ಬರೆದೇ ಕೊಡ್ತೀನಿ. ಒಂದು ಮಾತು ಮಾತ್ರ ಕೇಳ್ಕೋತೀನಿ, ಅಲ್ಲಿನ ಸಭಾಪಾಲಕರಿಗೆ ಮೊದಲನೇ ವಾರನೇ ಹೋಗಿ ಹೀಗೊಂದು ಜಗಳ ಬಾಕಿ ಇದೆ ಅಂತ ನೀವೇ ಹೇಳಿ, ಎದುರಿನವರು ಮಾಡಿದ್ದನ್ನ ಬಿಟ್ಟು ನೀವು ಮಾಡಿದ್ದನ್ನ ಹೇಳಿ.