ಬಿಯರ್ ಹುದುಗುವಾಗ ಯಾವ ಉಷ್ಣತೆ ನೋಡಬೇಕು?

ಈ ಪಾಠದಲ್ಲಿ ನಾನು ಮೊದಲು ಎಡವಿದ್ದು ಒಂದೇ ಕಡೆ. ಪುಸ್ತಕದಲ್ಲಿ ‘20 ಡಿಗ್ರಿಯಲ್ಲಿ ಇಡಿ’ ಅಂತ ಇರುತ್ತದೆ. ಯಾವುದು 20? ಕೋಣೆಯೋ, ಡಬ್ಬದೊಳಗಿನ ಬಾರ್ಲಿ ರಸವೋ? ರಸವೇ. ಎರಡೂ ಒಂದೇ ಅಂದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಮ್ಮ ಕಾಸರಗೋಡು ಇರುವುದು ಕೇರಳದಲ್ಲಿ. ಇಲ್ಲಿ ಅಬ್ಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಹಾಗಾಗಿ ನಾನು ಪ್ರಯೋಗ ಮಾಡಿದ್ದು 20 ಲೀಟರ್ ಬರೀ ನೀರಿನ ಬಕೆಟ್ಟಿನಲ್ಲಿ. ತಂಪು ಮಾಡುವ ಕಷ್ಟ ತಿಳಿಯಲು ಅಷ್ಟು ಸಾಕು.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಬಿಸಿಯೂ ಹುಟ್ಟುತ್ತದೆ. ಒಂದು ಕಿಲೋ ಸಕ್ಕರೆಗೆ ಸುಮಾರು 600 ಕಿಲೋಜೌಲ್. 20 ಲೀಟರ್ ಸಾಧಾರಣ ಬಿಯರಿನಲ್ಲಿ ಒಂದೂವರೆ ಕಿಲೋ ಸಕ್ಕರೆ ಹುದುಗುತ್ತದೆ ಅನ್ನೋಣ. ಆಗ 900 ಕಿಲೋಜೌಲ್ ಆಯಿತು. 20 ಲೀಟರ್ ನೀರು ಒಂದು ಡಿಗ್ರಿ ಏರಲು 84 ಕಿಲೋಜೌಲ್ ಸಾಕು. ಬಿಸಿ ಹೊರಗೆ ಹೋಗದಿದ್ದರೆ ರಸ 10 ಡಿಗ್ರಿಗಿಂತಲೂ ಜಾಸ್ತಿ ಏರುತ್ತದೆ! ನಿಜವಾಗಿ ಬಿಸಿ ಸ್ವಲ್ಪಸ್ವಲ್ಪವೇ ಹೊರಹೋಗುತ್ತಿರುತ್ತದೆ. ಆದರೂ ಹುದುಗುವಿಕೆ ಜೋರಾಗಿರುವಾಗ ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಜಾಸ್ತಿ ಇರಬಹುದು.

ಬಿಯರಿನಲ್ಲಿ ಏಲ್, ಲಾಗರ್ ಅಂತ ಎರಡು ಮುಖ್ಯ ಬಗೆ. ಏಲ್ ಯೀಸ್ಟಿಗೆ 18–22 ಡಿಗ್ರಿ ಹಿತ, ಲಾಗರ್ ಯೀಸ್ಟಿಗೆ 8–13. ಮೀರಿದರೆ ಮೊದಲು ಬಾಳೆಹಣ್ಣಿನಂಥ ವಾಸನೆ ಬರುತ್ತದೆ. ಅದು ಯೀಸ್ಟ್ ಹುಟ್ಟಿಸುವ ಐಸೋಅಮೈಲ್ ಅಸಿಟೇಟ್ ಅನ್ನುವ ರಾಸಾಯನಿಕ. ಇನ್ನೂ ಏರಿದರೆ ಫ್ಯೂಸೆಲ್ ಅನ್ನುವ ಖಾರ ಜಾತಿಯ ಆಲ್ಕೋಹಾಲ್ ಜಾಸ್ತಿಯಾಗಿ ಗಂಟಲು ಉರಿಯುತ್ತದೆ. ಇವು ಹೆಚ್ಚಾಗಿ ಹುಟ್ಟುವುದು ಮೊದಲ ಮೂರು ದಿನದಲ್ಲಿ. ಆಮೇಲೆ ತಂಪು ಮಾಡಿದರೂ ಹೋಗುವುದಿಲ್ಲ.

ನಮ್ಮಲ್ಲಿ ರಾತ್ರಿಯೂ 20ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ‘ಸುರಂಗದೊಳಗೆ ಇಟ್ಟರೆ ಆಗದಾ?’ ಅಂತ ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗಕ್ಕೆ ಬೇಸಿಗೆಯಲ್ಲಿ ಹೊಕ್ಕರೆ ಮೈ ತಂಪಾಗುತ್ತದೆ, ನಿಜ. ಆದರೆ ನೆಲದ ಆಳದಲ್ಲಿ ಇರುವುದು ಆ ಊರಿನ ವರ್ಷದ ಸರಾಸರಿ ಉಷ್ಣತೆ. ನಮ್ಮದು 27ರ ಆಸುಪಾಸು. ಜರ್ಮನಿಯಲ್ಲಿ ಆ ಸರಾಸರಿ 10ಕ್ಕೆ ಹತ್ತಿರ, ಅದಕ್ಕೇ ಅಲ್ಲಿನ ನೆಲಮಾಳಿಗೆ ಕೆಲಸಕ್ಕೆ ಬಂತು. ಅಂಥ ಜರ್ಮನಿಯ ಬವೇರಿಯಾದಲ್ಲೂ 1553ರಿಂದ ಬೇಸಿಗೆಯಲ್ಲಿ ಬಿಯರ್ ಮಾಡುವುದನ್ನೇ ನಿಷೇಧಿಸಿದ್ದರು.

ಇನ್ನೊಂದು ಉಪಾಯ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕುವುದು. ಆಟಿ ತಿಂಗಳ ಜೋರು ಮಳೆಯಲ್ಲಿ ಮಾಡಿ ನೋಡಿದೆ. ಬಕೆಟ್ಟಿಗೆ ಚಂಡಿ ಬೈರಾಸು ಸುತ್ತಿ, ಅದರ ತುದಿಯನ್ನು ಕೆಳಗಿನ ಬೇಸಿನ್ನಿನ ನೀರಿಗೆ ಇಳಿಬಿಟ್ಟೆ. ಇಡೀ ರಾತ್ರಿ ಫ್ಯಾನ್ ತಿರುಗಿತು. ಬೆಳಿಗ್ಗೆ ನೋಡಿದರೆ 28ರಿಂದ 26ಕ್ಕೆ ಬಂದಿತ್ತು, ಅಷ್ಟೇ. ಬೈರಾಸು ಹಿಂಡಿದರೆ ನೀರು ಇಳಿಯುತ್ತಿತ್ತು. ಗಾಳಿಯಲ್ಲೇ ಪಸೆ ತುಂಬಿದ್ದರೆ ನೀರು ಆರುವುದು ಹೇಗೆ? ಆರದಿದ್ದರೆ ತಂಪೂ ಇಲ್ಲ. ಇದೇ ಬಟ್ಟೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಒಣ ಬೇಸಿಗೆಯಲ್ಲಿ 10 ಡಿಗ್ರಿಗಿಂತಲೂ ಜಾಸ್ತಿ ಇಳಿಸಬಲ್ಲದು. ಪುಸ್ತಕದ ಉಪಾಯ ಯಾವ ಊರಿನ ಗಾಳಿಗೆ ಬರೆದದ್ದು ಅಂತ ನೋಡಿಕೊಳ್ಳಿ.

ಐಸ್ ಬಾಟಲಿ ನಮಗೆ ವಾಸಿ. ಒಂದು ಕಿಲೋ ಐಸ್ ಕರಗುವಾಗಲೇ 334 ಕಿಲೋಜೌಲ್ ಎಳೆದುಕೊಳ್ಳುತ್ತದೆ, ಅಂದರೆ 20 ಲೀಟರಿಗೆ 4 ಡಿಗ್ರಿ. ಆದರೆ ಡಬ್ಬವನ್ನು ನೀರಿನ ಟಬ್ಬಿನಲ್ಲಿ ಇಟ್ಟಿದ್ದರೆ ಆ ನೀರನ್ನೂ ತಂಪು ಮಾಡಬೇಕಲ್ವಾ? ಹೊರಗಿನ ಸೆಕೆ ಬೇರೆ. ಬೆಳಿಗ್ಗೆ ಸಂಜೆ ಬಾಟಲಿ ಬದಲಿಸುತ್ತಲೇ ಇರಬೇಕು.

ನನ್ನ ಅಭಿಪ್ರಾಯದಲ್ಲಿ ಕರಾವಳಿಗೆ ಸರಿಯಾದದ್ದು ಹಳೇ ಫ್ರಿಜ್ ಮತ್ತು ಒಂದು ಟೆಂಪರೇಚರ್ ಕಂಟ್ರೋಲರ್, ಅಂದರೆ ಉಷ್ಣತೆ ನೋಡಿ ಫ್ರಿಜ್ಜನ್ನು ತಾನೇ ಆನ್-ಆಫ್ ಮಾಡುವ ಸಾಧನ. ಅದರ ಸೆನ್ಸರನ್ನು ಫ್ರಿಜ್ಜಿನೊಳಗೆ ಸುಮ್ನೆ ನೇತುಹಾಕಬೇಡಿ. ಡಬ್ಬದ ಮೈಗೆ, ರಸದ ಮಟ್ಟಕ್ಕಿಂತ ಕೆಳಗೆ ಟೇಪ್ ಹಾಕಿ ಅಂಟಿಸಿ, ಮೇಲೆ ಒಂದು ತುಂಡು ಥರ್ಮೊಕೋಲ್ ಮುಚ್ಚಿ. ಆಗ ಅದು ಗಾಳಿಯನ್ನಲ್ಲ, ರಸವನ್ನು ಅಳೆಯುತ್ತದೆ.

ಕೊನೆಯಲ್ಲಿ ಮಾತ್ರ ಲಾಗರಿಗೆ ಸ್ವಲ್ಪ ಬಿಸಿ ಬೇಕು. ಬೆಣ್ಣೆ ವಾಸನೆಯ ಡೈಅಸಿಟೈಲನ್ನು ಯೀಸ್ಟೇ ಮತ್ತೆ ಹೀರಿಕೊಳ್ಳುತ್ತದೆ, ಆದರೆ ತೀರಾ ತಣ್ಣಗಿದ್ದರೆ ಆ ಕೆಲಸ ನಿಧಾನ. ಅದಕ್ಕೆ ಎರಡು ಮೂರು ದಿನ 16–18 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮಲ್ಲಿ ಫ್ರಿಜ್ ಆಫ್ ಮಾಡಿದರೆ ತಾನಾಗಿ ಏರುತ್ತದೆ. 18 ದಾಟುವ ಮೊದಲು ಮತ್ತೆ ಆನ್ ಮಾಡಬೇಕು.