ಜಿಪ್ಸಿ ಜಾಝ್ ಗಿಟಾರ್ ಅಂದ್ರೆ ಬರೀ ಸ್ಪೀಡ್ ಅಲ್ವಾ?

ಓದುಗರ ಪ್ರಶ್ನೆ: ಜಿಪ್ಸಿ ಜಾಝ್ ಗಿಟಾರ್ ವಿಡಿಯೊಗಳನ್ನು ನೋಡುತ್ತಿರುತ್ತೇನೆ. ಮೊದಲ ಎರಡು ನಿಮಿಷ ಬೆರಗು, ಮೂರನೇ ನಿಮಿಷಕ್ಕೆ ಸುಸ್ತು. ಬೆರಳು ಓಡುವುದು ಬಿಟ್ಟರೆ ಇದರಲ್ಲಿ ಕೇಳುವುದಕ್ಕೆ ಏನಿದೆ?

ಈ ಪ್ರಶ್ನೆಯನ್ನು ಗಿಟಾರ್ ನುಡಿಸುವವರೂ ಕೇಳುತ್ತಾರೆ, ಕರ್ನಾಟಕ ಸಂಗೀತ ಕೇಳಿ ಬೆಳೆದವರೂ ಕೇಳುತ್ತಾರೆ. ನಿಮಗೆ ಸುಸ್ತಾಗುವುದಕ್ಕೆ ಕಾರಣವಿದೆ. ವಿಡಿಯೊದಲ್ಲಿ ಕ್ಯಾಮೆರಾ ಎಡಗೈ ಮೇಲೆಯೇ ಇರುತ್ತದೆ. ನಾವೂ ಅದನ್ನೇ ನೋಡುತ್ತೇವೆ. ನನ್ನ ಉತ್ತರ ಚಿಕ್ಕದು: ಎಡಗೈ ನೋಡುವುದನ್ನು ಬಿಡಿ. ಮೊದಲು ಪಕ್ಕದಲ್ಲಿ ಕೂತು ಗಿಟಾರಿನಲ್ಲೇ ತಾಳ ಹಿಡಿದವರನ್ನು ಕೇಳಿ. ಆಮೇಲೆ ಸೋಲೊ ನುಡಿಸುವವರ ಬಲಗೈ ಕೇಳಿ. ಎಡಗೈ ಕೊನೆಗೆ ಬರಲಿ. ಯಾಕೆ ಈ ಕ್ರಮ ಅಂತ ಬಿಡಿಸಿ ಹೇಳುತ್ತೇನೆ.

ಈ ಸಂಗೀತ ಶುರುವಾಗಿದ್ದು ಜಾಂಗೋ ರೈನ್‌ಹಾರ್ಟ್ ಅವರಿಂದ. ಹುಟ್ಟಿದ್ದು 1910ರ ಜನವರಿ 23, ಬೆಲ್ಜಿಯಂನ ಲಿಬರ್ಶಿ ಎಂಬ ಹಳ್ಳಿಯಲ್ಲಿ, ಊರೂರು ಸುತ್ತುವ ಕುಟುಂಬದ ಗಾಡಿಯೊಳಗೆ. ಬೆಳೆದಿದ್ದು ಪ್ಯಾರಿಸಿನ ಹೊರವಲಯದಲ್ಲಿ. ಅವರ ಸಮುದಾಯಕ್ಕೆ ಫ್ರಾನ್ಸಿನಲ್ಲಿ 'ಮಾನುಷ್' ಎನ್ನುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ಹೌದು, ನಾವು ಹೇಳುವ ಮನುಷ್ಯನೇ! ಆ ಜನರ ಹಿರಿಯರು ಸಾವಿರ ವರ್ಷದ ಹಿಂದೆ ಉತ್ತರ ಭಾರತದ ಕಡೆಯಿಂದ ಹೊರಟವರು. ನೀರಿಗೆ ಇವತ್ತಿಗೂ ಅವರು 'ಪಾನಿ' ಎನ್ನುತ್ತಾರೆ. 'ಜಿಪ್ಸಿ' ಎಂಬುದು ಹೊರಗಿನವರು ಇಟ್ಟ ಹೆಸರು. ಇವರು ಈಜಿಪ್ಟಿನಿಂದ ಬಂದವರು ಎಂಬ ತಪ್ಪು ಕಲ್ಪನೆಯಿಂದ ಅದು ಬಂತು. ಆ ಹೆಸರು ಅವರಲ್ಲಿ ಎಷ್ಟೋ ಜನರಿಗೆ ಇಷ್ಟವಿಲ್ಲ. ಫ್ರಾನ್ಸಿನಲ್ಲಿ ಈ ಸಂಗೀತಕ್ಕೆ ಜಾಝ್ ಮಾನುಷ್ ಎಂದೇ ಹೆಸರು. ನನಗೂ ಅದೇ ಇಷ್ಟ. ಆದರೆ ಹುಡುಕುವವರಿಗೆ ಸಿಗಲಿ ಅಂತ ಮೇಲೆ ಚಾಲ್ತಿಯ ಹೆಸರನ್ನೇ ಬರೆದಿದ್ದೇನೆ.

ಭಾಷೆಯ ಬೇರು ಇಲ್ಲಿಯದು ಅಂದಮಾತ್ರಕ್ಕೆ ಸಂಗೀತವೂ ಇಲ್ಲಿಯದು ಅಂದುಕೊಳ್ಳಬೇಡಿ. ಅದು ಪ್ಯಾರಿಸಿನದು. ಜಾಂಗೋ ಹುಡುಗನಾಗಿದ್ದಾಗ ಕುಣಿತದ ಹಾಲ್‌ಗಳಲ್ಲಿ ಅಕಾರ್ಡಿಯನ್ ವಾದಕರ ಪಕ್ಕ ಕೂತು ಬ್ಯಾಂಜೊ ನುಡಿಸುತ್ತಿದ್ದರು. 1931ರಲ್ಲಿ ತೂಲೋನ್ ಊರಿನಲ್ಲಿ ಎಮಿಲ್ ಸಾವಿತ್ರಿ ಎಂಬ ಚಿತ್ರಕಾರರು ಅವರಿಗೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ರೆಕಾರ್ಡ್ ಕೇಳಿಸಿದರು. ಅಲ್ಲಿಂದ ದಾರಿಯೇ ಬದಲಾಯಿತು.

1934ರಲ್ಲಿ ಪ್ಯಾರಿಸಿನಲ್ಲಿ ಅವರ ಐದು ಜನರ ತಂಡ ಕಟ್ಟಿಕೊಂಡಿತು. ಸ್ಟೆಫಾನ್ ಗ್ರಾಪೆಲ್ಲಿ ವಯೊಲಿನ್, ಜಾಂಗೋ ಗಿಟಾರ್, ತಮ್ಮ ಜೋಸೆಫ್ ಮತ್ತು ರೋಜೆ ಶಾಪು ಇನ್ನೆರಡು ಗಿಟಾರ್, ಲೂಯಿ ವೋಲಾ ಬೇಸ್. ಡ್ರಮ್ಸ್ ಇಲ್ಲ. ಇದನ್ನು ನೆನಪಿಡಿ, ಯಾಕೆಂದರೆ ಈ ಸಂಗೀತದ ರುಚಿ ಇರುವುದೇ ಇಲ್ಲಿ. ಡ್ರಮ್ಸ್ ಇಲ್ಲದ ಮೇಲೆ ಅದರ ಕೆಲಸ ಯಾರು ಮಾಡಬೇಕು? ಪಕ್ಕದ ಗಿಟಾರುಗಳು.

ಆ ನುಡಿಸುವಿಕೆಗೆ ಫ್ರೆಂಚಿನಲ್ಲಿ 'ಲಾ ಪೊಂಪ್' ಎನ್ನುತ್ತಾರೆ. ಅಂದರೆ ಪಂಪ್. ಬೋರ್‌ವೆಲ್ ಕೈಪಂಪನ್ನು ಒತ್ತುವಾಗ ಬರುತ್ತದಲ್ಲ, ಅಂಥದೇ ಒಂದು ಏರಿಳಿತ. ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ದಪ್ಪ ತಂತಿಗಳ ಮೇಲೆ ಮೆತ್ತಗಿನ ಏಟು. ಎರಡು ಮತ್ತು ನಾಲ್ಕಕ್ಕೆ ಎಲ್ಲ ತಂತಿಗಳ ಮೇಲೆ ಗಟ್ಟಿ ಏಟು. ಗಟ್ಟಿ ಏಟು ಬಿದ್ದ ಕ್ಷಣವೇ ಎಡಗೈ ಹಿಡಿತ ಸಡಿಲವಾಗುತ್ತದೆ, ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಸದ್ದು ಎಷ್ಟು ಮುಖ್ಯವೋ ಆ ನಿಲುಗಡೆಯೂ ಅಷ್ಟೇ ಮುಖ್ಯ. ಅದು ಕೂದಲೆಳೆಯಷ್ಟು ತಡವಾದರೂ ಇಡೀ ತಂಡ ಎಳೆದಂತೆ ಆಗುತ್ತದೆ.

ನಾನು ಈ ಸಂಗೀತವನ್ನು ಮೊದಲು ಕೇಳಿದ್ದು ಫೋನಿನ ಸ್ಪೀಕರಿನಲ್ಲಿ. ಸಣ್ಣ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ, ಪಕ್ಕದ ಗಿಟಾರ್ ಬರೀ ಚಿಕ್ ಚಿಕ್ ಅನ್ನುತ್ತದೆ. ಉಳಿಯುವುದು ಮೇಲಿನ ಸೋಲೊ ಒಂದೇ. ಹಾಗಾಗಿ ನನಗೂ ಅದು ಬರೀ ಓಟ ಅನ್ನಿಸಿತ್ತು. ಒಂದು ರಾತ್ರಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಅದೇ ಹಾಡು ಕೇಳಿದೆ. ಕೆಳಗೆ ಒಂದು ನೆಲ ಇದೆ, ಆ ನೆಲ ಕುಣಿಯುತ್ತಿದೆ ಅಂತ ಆಗ ಗೊತ್ತಾಯಿತು. ನೀವೂ ದಯವಿಟ್ಟು ಹೆಡ್‌ಫೋನಿನಲ್ಲೇ ಕೇಳಿ.

ಇದಕ್ಕೆ ಒಳ್ಳೆಯ ಉದಾಹರಣೆ ನೆದರ್‌ಲ್ಯಾಂಡ್ಸಿನ ರೋಸೆನ್‌ಬರ್ಗ್ ಟ್ರಿಯೊ. ಸ್ಟೋಕೆಲೋ ಸೋಲೊ ನುಡಿಸುತ್ತಾರೆ. ಎಲ್ಲರ ಕಣ್ಣು ಅವರ ಮೇಲೆ. ಪಕ್ಕದಲ್ಲಿ ಅವರ ಬಂಧು ನೂಶೆ ತಾಳ ಹಿಡಿಯುತ್ತಾರೆ, ಇನ್ನೊಬ್ಬ ಬಂಧು ನೋನಿ ಬೇಸ್ ನುಡಿಸುತ್ತಾರೆ. ಒಂದು ಹಾಡನ್ನು ಪೂರ್ತಿ ನೂಶೆ ಅವರಿಗಾಗಿಯೇ ಕೇಳಿ ನೋಡಿ. ಸೋಲೊ ಎಷ್ಟೇ ಮೇಲೆ ಹಾರಲಿ, ಅವರ ಪಂಪ್ ಒಂದು ಗುಲಗಂಜಿಯಷ್ಟೂ ಅಲ್ಲಾಡುವುದಿಲ್ಲ. ಫ್ರಾನ್ಸಿನ ಗಿಟಾರಿಸ್ಟ್ ಬಿರೇಲಿ ಲಾಗ್ರೆನ್ ಅವರ ಜೊತೆ ವರ್ಷಗಟ್ಟಲೆ ತಾಳ ಹಿಡಿದ ಹೋನೋ ವಿಂಟರ್‌ಸ್ಟೈನ್ ಕೂಡ ಇದೇ ಮಟ್ಟದವರು. ಇವರಿಗೆ ಚಪ್ಪಾಳೆ ಕಮ್ಮಿ. ನನ್ನ ಪ್ರಕಾರ ಅರ್ಧ ಸಂಗೀತ ಇವರದೇ.

ಇನ್ನು ಬಲಗೈ. ಆ ಕಾಲದ ಕುಣಿತದ ಹಾಲ್‌ಗಳಲ್ಲಿ ಗಿಟಾರಿಗೆ ಮೈಕ್ ಇಲ್ಲ. ಪಕ್ಕದಲ್ಲಿ ಅಕಾರ್ಡಿಯನ್ ಅಬ್ಬರಿಸುತ್ತಿದೆ. ಜನ ಮಾತಾಡುತ್ತಾ ಕುಣಿಯುತ್ತಾ ಇದ್ದಾರೆ. ಕೇಳಿಸಬೇಕಾದರೆ ಜೋರಾಗಿ ನುಡಿಸಲೇಬೇಕು. ಸೆಲ್ಮರ್ ಎಂಬ ಫ್ರಾನ್ಸಿನ ವಾದ್ಯ ಕಂಪನಿ 1932ರಲ್ಲಿ ಮಾರಿಯೊ ಮಕಾಫೆರ್ರಿ ಅವರ ವಿನ್ಯಾಸದ ಗಿಟಾರ್ ಮಾಡತೊಡಗಿತು. ಮೊದಮೊದಲು ಅದರ ಬಾಯಿ ಇಂಗ್ಲಿಷಿನ ಡಿ ಅಕ್ಷರದ ಹಾಗೆ ದೊಡ್ಡದಾಗಿತ್ತು, ಆಮೇಲೆ ಮೊಟ್ಟೆಯ ಹಾಗೆ ಚಿಕ್ಕದಾಯಿತು. ಉಕ್ಕಿನ ತಂತಿ, ಮೊನಚಾದ ಸದ್ದು, ದೂರಕ್ಕೆ ಹೋಗುತ್ತದೆ. 1952ರಲ್ಲಿ ಕಂಪನಿ ನಿಲ್ಲಿಸುವ ಹೊತ್ತಿಗೆ ಒಂದು ಸಾವಿರವೂ ತಯಾರಾಗಿರಲಿಲ್ಲ. ಇವತ್ತು ನೀವು ನೋಡುವ ಈ ಶೈಲಿಯ ಗಿಟಾರುಗಳೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು ಮೊಮ್ಮಕ್ಕಳು.

ಗಿಟಾರ್ ಒಂದೇ ಸಾಲದು, ಮಣಿಕಟ್ಟೂ ಬೇಕು. ಈ ಶೈಲಿಯಲ್ಲಿ ಬಲಗೈ ಗಿಟಾರಿನ ಮೇಲೆ ಊರಿಕೊಂಡಿರುವುದಿಲ್ಲ, ಗಾಳಿಯಲ್ಲಿ ತೂಗುತ್ತದೆ. ದಪ್ಪ ಪಿಕ್, ಅಂದರೆ ಬೆರಳಲ್ಲಿ ಹಿಡಿದು ಮೀಟುವ ಬಿಲ್ಲೆ, ತಂತಿಯನ್ನು ಹೊಡೆದು ಕೆಳಗಿನ ತಂತಿಗೆ ಒರಗಿ ನಿಲ್ಲುತ್ತದೆ. ಒಂದು ತಂತಿಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಮೊದಲ ಏಟು ಕೆಳಮುಖವೇ. ಹಿಂದಿನ ಏಟೂ ಕೆಳಮುಖವಾಗಿದ್ದರೂ ಸರಿ. ಬೇರೆ ಶೈಲಿಯ ಎಷ್ಟೋ ಗಿಟಾರಿಸ್ಟ್‌ಗಳು ಮೇಲೆ, ಕೆಳಗೆ ಅಂತ ಒಂದರ ಹಿಂದೆ ಒಂದು ಹೊಡೆಯುತ್ತಾರೆ. ಇಲ್ಲಿ ಹಾಗಲ್ಲ. ಅದರಿಂದಲೇ ಸ್ವರಗಳಿಗೆ ತೂಕ ಬರುತ್ತದೆ. ವೇಗದಲ್ಲೂ ಪ್ರತಿ ಸ್ವರ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಒಂದು ಲೆಕ್ಕ ಹಾಕಿ. ಹಾಡು ನಿಮಿಷಕ್ಕೆ 240 ಎಣಿಕೆಯ ಓಟದಲ್ಲಿದೆ, ಒಂದೊಂದು ಎಣಿಕೆಗೆ ಎರಡು ಸ್ವರ. ಅಲ್ಲಿಗೆ ಸೆಕೆಂಡಿಗೆ ಎಂಟು ಸ್ವರ. ಅಷ್ಟು ಓಡುವಾಗ ಏಟು ಹಗುರವಾಗುವುದು ಸಹಜ. ಸ್ಟೋಕೆಲೋ ಅವರಲ್ಲಿ ಅದು ಹಗುರವಾಗುವುದಿಲ್ಲ. ವೇಗ ಮೆಚ್ಚುವುದಾದರೆ ಇಲ್ಲಿ ಮೆಚ್ಚಿ: ಎಷ್ಟು ಸ್ವರ ಅನ್ನುವುದಕ್ಕಲ್ಲ, ಓಟದಲ್ಲೂ ಒಂದೊಂದು ಸ್ವರ ಎಷ್ಟು ದುಂಡಗಿದೆ ಅನ್ನುವುದಕ್ಕೆ.

ಈಗ ಎಡಗೈ. 1928ರಲ್ಲಿ, ಹದಿನೆಂಟರ ಹರೆಯದಲ್ಲಿ, ಜಾಂಗೋ ವಾಸವಿದ್ದ ಗಾಡಿಗೆ ಬೆಂಕಿ ಬಿತ್ತು. ಹೆಂಡತಿ ಮಾರಾಟಕ್ಕೆ ಮಾಡಿಟ್ಟಿದ್ದ ಕೃತಕ ಹೂವುಗಳಿಗೆ ಕಿಡಿ ತಾಗಿತ್ತು. ಒಂದು ಕಾಲು ಕತ್ತರಿಸಬೇಕು ಎಂದರು ವೈದ್ಯರು. ಅವರು ಒಪ್ಪಲಿಲ್ಲ. ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುದುಡಿಹೋದವು. ಒಂದೂವರೆ ವರ್ಷ ಹಾಸಿಗೆ ಹಿಡಿದು, ಗಿಟಾರನ್ನು ಮೊದಲಿನಿಂದ ಕಲಿತರು. ಸೋಲೊ ಎಲ್ಲ ತೋರುಬೆರಳು, ನಡುಬೆರಳು ಎರಡರಲ್ಲೇ. ಮುದುಡಿದ ಬೆರಳುಗಳನ್ನು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವಾಗ ಸಣ್ಣ ತಂತಿಗಳ ಮೇಲೆ ಒರಗಿಸುತ್ತಿದ್ದರು.

ಈ ಕತೆ ಎಲ್ಲರೂ ಹೇಳುತ್ತಾರೆ. ಆದರೆ ಆ ಎರಡು ಬೆರಳು ಸಂಗೀತವನ್ನು ಹೇಗೆ ರೂಪಿಸಿದವು ಅಂತ ಹೇಳುವವರು ಕಮ್ಮಿ. ಎರಡೇ ಬೆರಳಿದ್ದರೆ ಒಂದೇ ಜಾಗದಲ್ಲಿ ಕೂತು ಎಲ್ಲ ಸ್ವರ ಮುಟ್ಟಲು ಆಗುವುದಿಲ್ಲ. ಕೈ ಗಿಟಾರಿನ ಕುತ್ತಿಗೆಯುದ್ದಕ್ಕೂ ಮೇಲೆ ಕೆಳಗೆ ಜಾರಬೇಕು. ಅವರ ಸೋಲೊಗಳಲ್ಲಿ ಆ ಉದ್ದ ಜಾರುವಿಕೆ, ಮೆಟ್ಟಿಲು ಹತ್ತುವ ಹಾಗೆ ಏರುವ ಸಾಲುಗಳು ಬಂದಿದ್ದು ಹಾಗೆ. ಇವತ್ತು ನಾಲ್ಕು ಬೆರಳೂ ಚೆನ್ನಾಗಿರುವವರು ಕೂಡ ಆ ಸಾಲುಗಳನ್ನು ಎರಡೇ ಬೆರಳಲ್ಲಿ ಅಭ್ಯಾಸ ಮಾಡುವುದುಂಟು. ಹಾಗೆ ಮಾಡಿದರೇ ಆ ನಾದ ಬರುವುದು.

ಸ್ವರ ಯಾವುದು ಅನ್ನುವ ವಿಷಯಕ್ಕೆ ಬರೋಣ. ನಮ್ಮ ಕಿವಿಗೆ ಇಲ್ಲೊಂದು ಅನುಕೂಲವಿದೆ. 1937ರ 'ಮೈನರ್ ಸ್ವಿಂಗ್' ತೆಗೆದುಕೊಳ್ಳಿ. 16 ಬಾರ್‌ಗಳ ಒಂದು ಸುತ್ತು (ನಾಲ್ಕು ಎಣಿಕೆ ಸೇರಿದರೆ ಒಂದು ಬಾರ್), ಅದು ಆವರ್ತನದ ಹಾಗೆ ಮತ್ತೆ ಮತ್ತೆ ತಿರುಗುತ್ತದೆ. ಮುಖ್ಯವಾಗಿ ಮೂರೇ ಕಾರ್ಡ್: ಎ ಮೈನರ್, ಡಿ ಮೈನರ್, ಇ ಸೆವೆನ್. ಎ ಸ್ವರವನ್ನು ಷಡ್ಜ ಅಂದುಕೊಳ್ಳಿ. ಮೊದಲ ಕಾರ್ಡಿನಲ್ಲಿ ಸ, ಸಾಧಾರಣ ಗಾಂಧಾರ, ಪ. ಎರಡನೆಯದರಲ್ಲಿ ಶುದ್ಧ ಮಧ್ಯಮ, ಶುದ್ಧ ಧೈವತ, ಸ. ಮೂರನೆಯದರಲ್ಲಿ ಪ, ಕಾಕಲಿ ನಿಷಾದ, ಚತುಶ್ರುತಿ ರಿಷಭ, ಮ. ಎಲ್ಲ ಸೇರಿಸಿದರೆ ಕೀರವಾಣಿಯ ಏಳೂ ಸ್ವರ! ಇದು ರಾಗವಲ್ಲ, ಗಮಕವೂ ಇಲ್ಲ, ಸಂಚಾರವೂ ಬೇರೆ. ಆದರೆ ಸ್ವರಗಳ ಪರಿಚಯ ನಿಮಗೆ ಆಗಲೇ ಇದೆ. ಜಾಂಗೋ ಮತ್ತೆ ಮತ್ತೆ ಚತುಶ್ರುತಿ ಧೈವತವನ್ನೂ ತರುತ್ತಾರೆ. ಆಗ ಗೌರಿಮನೋಹರಿಯ ನೆರಳು ಹಾದುಹೋದ ಹಾಗೆ ಅನ್ನಿಸುತ್ತದೆ.

ರಾಗದಲ್ಲಿ ಷಡ್ಜ ಕೊನೆತನಕ ಒಂದೇ ಜಾಗದಲ್ಲಿ ಕೂತಿರುತ್ತದೆ. ಇಲ್ಲಿ ಎರಡು ಬಾರ್‌ಗೊಮ್ಮೆ ಕೆಳಗಿನ ಕಾರ್ಡ್ ಬದಲಾಗುತ್ತದೆ. ಇದೇ ದೊಡ್ಡ ವ್ಯತ್ಯಾಸ. ಈಗಷ್ಟೇ ನೆಮ್ಮದಿಯಾಗಿ ನಿಂತಿದ್ದ ಸ್ವರ ಮುಂದಿನ ಕ್ಷಣ ಚಡಪಡಿಸುತ್ತದೆ. ನುಡಿಸುವವರು ಬದಲಾವಣೆ ಬರುವ ಮೊದಲೇ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು, ಸರಿಯಾದ ಸ್ವರದ ಮೇಲೆ ಕಾಲಿಡಬೇಕು. ಇ ಸೆವೆನ್ ಬಂದಾಗ ಆ ಕಾಕಲಿ ನಿಷಾದವನ್ನು ಹಿಡಿಯಲು ನೋಡಿ. ಅದು ಸಿಕ್ಕರೆ ಓಟದ ನಡುವೆ ದಾರಿ ಕಾಣತೊಡಗುತ್ತದೆ. ಅಲ್ಲಿ ಜಾಂಗೋ ಅವರ ಇಷ್ಟದ ಒಂದು ಜೋಡಣೆ ಇದೆ: ನಿ, ರಿ, ಮ, ಧ. ಪ್ರತಿ ಸ್ವರಕ್ಕೂ ಮುಂದಿನದಕ್ಕೂ ಸರಿಯಾಗಿ ಮೂರು ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಗೆರೆಗಳ ಮನೆ) ಅಂತರ. ಹಾಗಾಗಿ ಕೈಯ ಅದೇ ಆಕಾರವನ್ನು ಮೂರು ಮೂರು ಫ್ರೆಟ್ ಮೇಲಕ್ಕೆ ಜಾರಿಸುತ್ತಾ ಹೋದರೆ ಮತ್ತೆ ಅವೇ ನಾಲ್ಕು ಸ್ವರ. ಎರಡು ಬೆರಳಿಗೆ ಇದಕ್ಕಿಂತ ಒಳ್ಳೆಯ ಏಣಿ ಇಲ್ಲ. ಹಾಡಿನ ಕೊನೆಯಲ್ಲಿ ಯಾರೋ 'ಓ ಯೆಯಾ' ಅನ್ನುತ್ತಾರೆ. ಅಲ್ಲಿತನಕ ಕೇಳಿ.

ಅದೇ ಹಾಡಿನಲ್ಲಿ ಗ್ರಾಪೆಲ್ಲಿ ವಯೊಲಿನ್ ಎತ್ತಿಕೊಂಡಾಗ ಹೆಚ್ಚಿನವರು ಜಾಂಗೋ ಅವರನ್ನು ಮರೆಯುತ್ತಾರೆ. ಮರೆಯಬೇಡಿ. ಈ ತಂಡದಲ್ಲಿ ಅವರು ಪಕ್ಕವಾದ್ಯ ನುಡಿಸುವ ರೀತಿ ನನಗೆ ಅವರ ಸೋಲೊಗಿಂತಲೂ ಜಾಸ್ತಿ ಇಷ್ಟ. ಒಮ್ಮೆ ಬೇಸ್ ತಂತಿಯಲ್ಲಿ ಒಂದು ತುಣುಕು, ಒಮ್ಮೆ ಗುಡುಗಿನ ಹಾಗೆ ಕಾರ್ಡಿನ ನಡುಕ. ವಯೊಲಿನ್ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಇವರ ಮಾತು. ಗ್ರಾಪೆಲ್ಲಿ ಅವರ ಹೆಸರು ನಮ್ಮವರಿಗೆ ಇನ್ನೊಂದು ಕಡೆಯಿಂದಲೂ ಗೊತ್ತಿರಬಹುದು. ಬೆಂಗಳೂರಿನಲ್ಲಿ ನೆಲೆಸಿರುವ ಪಿಟೀಲು ವಿದ್ವಾನ್ ಎಲ್. ಸುಬ್ರಮಣ್ಯಂ ಅವರ ಜೊತೆ 1984ರಲ್ಲಿ ಬಂದ ಆಲ್ಬಂ ಒಂದಿದೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ನಿಜವೂ ಇದೆ, ಅದನ್ನು ಮುಚ್ಚಿಡಬಾರದು. ಈ ಶೈಲಿಯಲ್ಲಿ ಬರೀ ಓಟ ಇರುವ ನುಡಿಸಾಣಿಕೆ ಬೇಕಾದಷ್ಟಿದೆ. ಜಾಂಗೋ ಅವರ ರೆಕಾರ್ಡುಗಳಿಂದ ತುಣುಕುಗಳನ್ನು ಬಾಯಿಪಾಠ ಮಾಡಿ, ಒಂದರ ಹಿಂದೆ ಒಂದು ಪೋಣಿಸಿ ನುಡಿಸುತ್ತಾರೆ. ಹತ್ತು ಗಿಟಾರಿಸ್ಟ್‌ಗಳು ಸುತ್ತ ಕೂತು ಸರದಿಯಲ್ಲಿ ನುಡಿಸುವಾಗ ಇದು ಬೇಗ ಗೊತ್ತಾಗುತ್ತದೆ. ನಾನು ನೋಡುವುದು ಇಷ್ಟೇ: ಎಲ್ಲಾದರೂ ನಿಲ್ಲುತ್ತಾರಾ? ಎಲ್ಲಾದರೂ ಮೆತ್ತಗಾಗುತ್ತಾರಾ? ಈಗ ನುಡಿಸಿದ ಸಾಲಿಗೂ ಹಿಂದಿನ ಸಾಲಿಗೂ ಸಂಬಂಧ ಇದೆಯಾ?

ಬಿರೇಲಿ ಲಾಗ್ರೆನ್ ಅವರನ್ನು ಕೇಳಿದರೆ ಈ ವ್ಯತ್ಯಾಸ ತಿಳಿಯುತ್ತದೆ. 1966ರಲ್ಲಿ ಆಲ್ಸೇಸಿನ ಸೂಫ್ಲೆನ್‌ಹೈಮ್‌ನಲ್ಲಿ ಹುಟ್ಟಿದವರು. 1980ರಲ್ಲಿ ಮೊದಲ ಆಲ್ಬಂ ಮಾಡುವಾಗ ವಯಸ್ಸು 13. ಜಾಂಗೋ ಮತ್ತೆ ಹುಟ್ಟಿದ ಎಂದು ಜನ ಮೆರೆಸಿದರು. ಅವರು ಅಲ್ಲೇ ನಿಲ್ಲಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಅಮೆರಿಕದ ಬೇಸ್ ಗಿಟಾರ್ ವಾದಕ ಜಾಕೊ ಪಾಸ್ಟೋರಿಯಸ್ ಜೊತೆ ನುಡಿಸಿದರು, ಬೇರೆಲ್ಲ ಸುತ್ತಿ 2001ರ ಹೊತ್ತಿಗೆ ಈ ಶೈಲಿಗೆ ಮರಳಿದರು. ಮರಳಿದಾಗ ಕೈ ಅದೇ, ಕಿವಿ ಬೇರೆ. ಸೋಲೊ ಮಧ್ಯದಲ್ಲಿ ಹೋಗಬಾರದ ಕಡೆಗೆ ಹೋಗಿ, ಇನ್ನೇನು ಬಿದ್ದರು ಅನ್ನುವಾಗ ಸರಿಯಾದ ಬಾರ್‌ಗೆ ಬಂದು ಇಳಿಯುತ್ತಾರೆ. ಚಾವೊಲೊ ಶ್ಮಿಟ್ ಇನ್ನೊಂದು ತರಹ. ಒರಟು ಏಟು, ಒಂದೇ ಸ್ವರವನ್ನು ನಡುಗಿಸಿ ನಡುಗಿಸಿ ಹೇಳುತ್ತಾರೆ. ಆ ಒಂದು ಸ್ವರಕ್ಕೆ ನನ್ನ ಕಣ್ಣು ತುಂಬಿ ಬಂದಿದ್ದಿದೆ.

ಕೊನೆಗೆ ವೇಗವೇ ಇಲ್ಲದ ಒಂದನ್ನು ಕೇಳಿ: 'ನುವಾಜ್'. ಹಾಗೆಂದರೆ ಮೋಡಗಳು. ಜಾಂಗೋ ಇದನ್ನು ಮೊದಲು ರೆಕಾರ್ಡ್ ಮಾಡಿದ್ದು 1940ರಲ್ಲಿ, ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ. ಯುದ್ಧ ಶುರುವಾದಾಗ ಗ್ರಾಪೆಲ್ಲಿ ಲಂಡನ್ನಿನಲ್ಲೇ ಉಳಿದಿದ್ದರು. ವಯೊಲಿನ್ ಜಾಗದಲ್ಲಿ ಕ್ಲಾರಿನೆಟ್ ಬಂದಿತ್ತು. ಯುರೋಪಿನ ಬೇರೆ ಕಡೆ ಅವರದೇ ಸಮುದಾಯದ ಜನರನ್ನು ನಾಜಿಗಳು ಹಿಡಿದು ಸಾಯಿಸಿದ ವರ್ಷಗಳವು. ಪ್ಯಾರಿಸಿನ ಜನ ಈ ಹಾಡನ್ನು ಎದೆಗೆ ಹಚ್ಚಿಕೊಂಡರು.

ಅದನ್ನು ಕೇಳಿದ ಮೇಲೆ 1953ರ ಮಾರ್ಚಿನ ರೆಕಾರ್ಡ್ ಹಾಕಿ. ಅದೇ ಹಾಡು. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಜೊತೆಗೆ ಪಿಯಾನೊ, ಬೇಸ್, ಡ್ರಮ್ಸ್. ಪಂಪ್ ಇಲ್ಲ. ಜೋರಾಗಿ ಹೊಡೆಯುವ ಅಗತ್ಯವೂ ಇಲ್ಲ. ಹಾಡಿನ ಧಾಟಿಯನ್ನು ನಿಧಾನವಾಗಿ ಎತ್ತಿಕೊಳ್ಳುತ್ತಾರೆ, ಸ್ವರ ತಾನಾಗಿ ಆರುವವರೆಗೂ ಕಾಯುತ್ತಾರೆ, ಆಮೇಲೆ ಮುಂದಿನದು. ಎರಡು ತಿಂಗಳ ನಂತರ, ಮೇ 16ರಂದು, ಸೀನ್ ನದಿ ದಂಡೆಯ ಸಮ್ವಾ ಊರಿನಲ್ಲಿ ಕುಸಿದುಬಿದ್ದು, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 43.